ದಿ ಲಾಂಗ್ ಡಾರ್ಕ್‌ನಲ್ಲಿ ಬೇಟೆ: ಜಿಂಕೆ ಬಿದ್ದ ಮೇಲೂ ನೀವು ಉಳಿಯಬೇಕಾದರೆ

"ಗುರು, ಜಿಂಕೆ ಬಿತ್ತು. ಆಮೇಲೆ ನಾನೂ ಬಿದ್ದೆ." ಮಂಡ್ಯ, ಮೈಸೂರು ಕಡೆ ಹಿಮ ಮುಚ್ಚಿದ ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕುಳಿಯಬೇಕಾದ ವಿಡಿಯೋ ಗೇಮ್ ದಿ ಲಾಂಗ್ ಡಾರ್ಕ್ ಆಡುವ ಹುಡುಗರಿಂದ ಬರುವ ದೂರು ಬಹುಪಾಲು ಇದೇ. ಗುರಿ ಸರಿಯಾಗಿತ್ತು, ಬಾಣ ನಾಟಿತ್ತು, ಪ್ರಾಣಿಯೂ ಸತ್ತಿತ್ತು. ಮಾಂಸ ಕೊಯ್ಯುತ್ತಾ ಕೂತಾಗ ಚಳಿ ಹಿಡಿಯಿತು, ಇಲ್ಲವೇ ಕತ್ತಲಾಯಿತು, ಇಲ್ಲವೇ ವಾಸನೆ ಹಿಡಿದು ತೋಳ ಬಂತು. ಅಲ್ಲಿಗೆ ಆಟ ಮುಗಿಯಿತು.

ಎಲ್ಲರೂ ಕೇಳುವುದು ಗುರಿ ಇಡುವುದು ಹೇಗೆ ಅಂತ. ಗುರಿ ಹೇಗೋ ಬರುತ್ತೆ, ಆಡ್ತಾ ಆಡ್ತಾ ಕೈ ಕೂರುತ್ತೆ. ಕೆಡುವುದು ಕೆಲಸಗಳ ಸರತಿ. ಈ ಆಟದಲ್ಲಿ ಹೊಡೆಯುವುದು ನಡುವೆ ಬರುವ ಒಂದು ಚಿಕ್ಕ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದ್ದು ಒಂದಷ್ಟಿದೆ, ಆಮೇಲೆ ಮಾಡಬೇಕಾದ್ದು ಅದಕ್ಕಿಂತ ಜಾಸ್ತಿ ಇದೆ.

ಇಲ್ಲಿ ಹೇಳುವುದೆಲ್ಲ ಕಥೆಯಿಲ್ಲದೆ ಎಷ್ಟು ದಿನ ಬದುಕುತ್ತೀರಿ ಅನ್ನುವ ಸರ್ವೈವಲ್ ಮೋಡ್‌ಗೆ, ಅದರಲ್ಲೂ ನಡುವಿನ ಕಷ್ಟದ ವಾಯಾಜರ್ ಮತ್ತು ಸ್ಟಾಕರ್ ಮಟ್ಟಕ್ಕೆ. ಅತಿ ಸುಲಭದ ಮಟ್ಟವಾದ ಪಿಲ್ಗ್ರಿಮ್‌ನಲ್ಲಿ ತೋಳ, ಕರಡಿಗಳೇ ನಿಮ್ಮನ್ನು ಕಂಡು ಓಡುತ್ತವೆ, ಹಾಗಾಗಿ ಅಲ್ಲಿ ಭಯವಿಲ್ಲ, ಆದರೆ ತೋಳವನ್ನು ಹಿಡಿಯುವುದೇ ಕಷ್ಟ. ಬಹಳ ಕಷ್ಟದ ಮಟ್ಟವಾದ ಇಂಟರ್‌ಲೋಪರ್‌ನಲ್ಲಿ ಬಂದೂಕು ಸಿಗುವುದೇ ಇಲ್ಲ, ಬಿಲ್ಲು ಬಾಣವೇ ಗತಿ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ. ಆಟ ತಾನಾಗಿಯೇ ಸೇವ್ ಆಗುವುದು ಮುಖ್ಯವಾಗಿ ನೀವು ಮನೆಯೊಳಗೆ ಹೋದಾಗ, ಹೊರಗೆ ಬಂದಾಗ, ನಿದ್ದೆ ಮಾಡಿದಾಗ, ಗಾಯವಾದಾಗ. ಬೇಟೆಗೆ ಅಂತ ಅರ್ಧ ದಿನ ಬಯಲಲ್ಲಿ ಅಲೆದು, ಜಿಂಕೆ ಕೊಯ್ದು ಮುಗಿಸುವ ಹೊತ್ತಿಗೆ ಮನೆಯಲ್ಲಿ ಕರೆಂಟ್ ಹೋದರೆ ಅಷ್ಟೂ ಹೋಯಿತು. ಯುಪಿಎಸ್ ಇಲ್ಲದವರು ಮಧ್ಯೆ ಮಧ್ಯೆ ಒಂದು ಗುಡಿಸಲಿನೊಳಗೆ ಹೋಗಿ ಬನ್ನಿ. ಮಳೆಗಾಲದಲ್ಲಂತೂ ಇದನ್ನು ಮರೆಯಲೇಬೇಡಿ.

## ಹಂತ 1: ಹೊರಡುವ ಮುಂಚೆ ಚೀಲ ನೋಡಿ

ಮಾಮೂಲಿಯಾಗಿ ನೀವು ಹೊರಬಲ್ಲ ಭಾರ 30 ಕೆಜಿ. ಒಂದು ಜಿಂಕೆಯಲ್ಲಿ 8ರಿಂದ 10 ಕೆಜಿ ಮಾಂಸ ಸಿಗುತ್ತೆ, ಮೇಲೆ ಚರ್ಮ, ಕರುಳು. ಅಂದರೆ ಹೊರಡುವಾಗಲೇ ಚೀಲ 27 ಕೆಜಿ ಇದ್ದರೆ ನೀವು ಬೇಟೆಗೆ ಹೋಗುತ್ತಿಲ್ಲ, ಸುಮ್ನೆ ವಾಕಿಂಗ್ ಹೋಗುತ್ತಿದ್ದೀರಿ. 18 ಕೆಜಿ ಒಳಗೆ ಇರುವ ಹಾಗೆ ನೋಡಿಕೊಳ್ಳಿ ಅನ್ನುವುದು ನನ್ನ ಲೆಕ್ಕ.

ಬೇಕೇ ಬೇಕಾದದ್ದು: ಆಯುಧ, ಚಾಕು ಅಥವಾ ಕೈಕೊಡಲಿ, ಬೆಂಕಿಕಡ್ಡಿ, ಒಂದು ಬೆಂಕಿಗೆ ಸಾಕಾಗುವಷ್ಟು ಕಟ್ಟಿಗೆ, ಹಚ್ಚಲು ಪುರಲೆ, ಬ್ಯಾಂಡೇಜ್, ಗಾಯ ತೊಳೆಯುವ ಔಷಧಿ, ಒಂದು ಲೀಟರ್ ನೀರು. ಮಲಗುವ ಚೀಲ ಒಂದು ಕೆಜಿ ಜಾಸ್ತಿ ಅನ್ನಿಸಿದರೂ ಇರಲಿ, ಹಿಮಗಾಳಿ ಹಿಡಿದು ಗುಹೆಯೊಳಗೆ ಸಿಕ್ಕಿಕೊಂಡಾಗ ಅದೊಂದೇ ಕಾಪಾಡುವುದು.

ಬಿಟ್ಟು ಹೋಗಬೇಕಾದದ್ದು: ಪುಸ್ತಕ, ಎರಡನೇ ಬಾಣಲೆ, "ಯಾವಾಗಲಾದರೂ ಬೇಕಾಗುತ್ತೆ" ಅಂತ ಎತ್ತಿಕೊಂಡ ಕಬ್ಬಿಣದ ಚೂರು. ಎಲ್ಲಕ್ಕಿಂತ ಮುಖ್ಯವಾಗಿ, ಚೀಲದಲ್ಲಿ ಉಳಿದಿರುವ ಹಸಿ ಮಾಂಸ. ಅದನ್ನು ಹೊತ್ತುಕೊಂಡೇ ಬೇಟೆಗೆ ಹೊರಟರೆ ಪರದೆಯ ಮೇಲೆ ವಾಸನೆಯ ಗೆರೆಗಳು ಏಳುತ್ತವೆ. ಆಮೇಲೆ ಬೇಟೆ ಆಡುವವರು ಯಾರು, ಆಗುವವರು ಯಾರು ಅಂತ ಹೇಳಲಾಗದು.

ಹೊರಡುವ ಹೊತ್ತು ಬೆಳಕು ಹರಿದ ಕೂಡಲೇ. ಮಧ್ಯಾಹ್ನ ಹೊರಟರೆ ಹೊಡೆಯುವುದಕ್ಕೆ ಸಮಯ ಇರುತ್ತೆ, ಕೊಯ್ಯುವುದಕ್ಕೆ ಇರುವುದಿಲ್ಲ. ಆಮೇಲೆ ಪೂರ್ತಿ ದಣಿದಿರುವಾಗ ಬೇಟೆ ಬೇಡ. ದಣಿದಷ್ಟೂ ಕೈ ನಡುಗುತ್ತೆ.

## ಹಂತ 2: ಶುರು ಮಾಡುವುದು ಮೊಲದಿಂದ

ಹೊಸಬರು ರೈಫಲ್ ಸಿಕ್ಕ ದಿನವೇ ಕರಡಿ ಹುಡುಕಿಕೊಂಡು ಹೋಗುತ್ತಾರೆ. ಬೇಡ ಕಣ್ರಪ್ಪ. ಮೊದಲ ವಾರಕ್ಕೆ ಮೊಲ ಸಾಕು. ಅದಕ್ಕೆ ಬೇಕಾದ ಆಯುಧ ನೆಲದ ಮೇಲೆ ಬಿದ್ದಿರುವ ಕಲ್ಲು, ಅಷ್ಟೇ.

ನಾಲ್ಕೈದು ಕಲ್ಲು ಆರಿಸಿಕೊಳ್ಳಿ. ಮೊಲ ಓಡಾಡುವ ಜಾಗ ಕಂಡರೆ ದೂರದಿಂದಲೇ ಬಗ್ಗಿ, ಬಗ್ಗಿಕೊಂಡೇ ಮುಂದೆ ಸರಿಯಿರಿ. ಅದು ತಲೆ ಎತ್ತಿ ನಿಂತರೆ ನೀವೂ ನಿಲ್ಲಿ. ಓಡುತ್ತಿರುವ ಮೊಲಕ್ಕೆ ಎಸೆಯುವುದು ಕಲ್ಲು ದಂಡ, ನಿಂತಾಗ ಎಸೆಯಿರಿ. ಗುರಿ ಮೊಲದ ಮೈಗಿಂತ ಒಂಚೂರು ಮೇಲೆ ಇರಲಿ, ದೂರ ಹೋದಷ್ಟೂ ಕಲ್ಲು ಕೆಳಗೆ ಇಳಿಯುತ್ತೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಕಲ್ಲು ತಾಗಿದರೆ ಮೊಲ ಸಾಯುವುದಿಲ್ಲ, ಬರೀ ತಲೆ ತಿರುಗಿ ಬೀಳುತ್ತೆ. ಕೆಲವೇ ಕ್ಷಣದಲ್ಲಿ ಎದ್ದು ಪರಾರಿ. "ಬಿತ್ತು" ಅಂತ ಖುಷಿಪಡುತ್ತಾ ನಿಧಾನಕ್ಕೆ ನಡೆದು ಹೋಗಬೇಡಿ, ಕಲ್ಲು ತಾಗಿದ ಸದ್ದು ಕೇಳಿದ ತಕ್ಷಣ ಎದ್ದು ಓಡಿ, ಕೈಗೆತ್ತಿಕೊಳ್ಳಿ. ಆಗ ಆಟ ಎರಡು ಆಯ್ಕೆ ಕೊಡುತ್ತೆ, ಕುತ್ತಿಗೆ ಮುರಿಯುವುದು ಅಥವಾ ಬಿಟ್ಟುಬಿಡುವುದು. ಆ ಪುಟ್ಟ ಪ್ರಾಣಿ ಕೈಯಲ್ಲಿ ಒದ್ದಾಡುವುದನ್ನು ನೋಡಿ ಬಿಟ್ಟುಬಿಟ್ಟವರನ್ನು ನಾನು ಬಲ್ಲೆ. ಅವರು ಆಮೇಲೆ ಹಸಿವಿನಿಂದ ಸತ್ತರು, ಅದು ಬೇರೆ ಮಾತು.

ಮೊಲದ ಮಾಂಸ ಒಂದು ಕೆಜಿ ಆಚೆ ಈಚೆ, ಹೊಟ್ಟೆ ತುಂಬುವುದಿಲ್ಲ. ನಮಗೆ ಬೇಕಾದದ್ದು ಅದರ ಕರುಳು. ಒಂದು ಮೊಲಕ್ಕೆ ಒಂದು ಕರುಳು, ಒಂದು ಚರ್ಮ. ಇವನ್ನು ಒಂದೂ ಬಿಡದೆ ಮನೆಯೊಳಗೆ ನೆಲದ ಮೇಲೆ ಹರವಿ. ಕರುಳು ಒಣಗಲು 5 ದಿನ, ಮೊಲದ ಚರ್ಮಕ್ಕೆ 3 ದಿನ. ಚೀಲದಲ್ಲೇ ಇಟ್ಟುಕೊಂಡರೆ ಒಣಗುವುದಿಲ್ಲ, ಮೇಲಾಗಿ ವಾಸನೆ ಬೇರೆ.

## ಹಂತ 3: ಉರುಳು ಹಾಕಿ ಮರೆತುಬಿಡಿ

ಒಣಗಿದ ಕರುಳು ಮತ್ತು ಮರದ ತುಂಡು ಇದ್ದರೆ ಉರುಳು ತಯಾರು. ಮೊಲ ಓಡಾಡುವ ಕಡೆ ಮಾತ್ರ ಹಾಕಿ, ಕಂಡಕಂಡಲ್ಲಿ ಹಾಕಿದರೆ ಬೀಳುವುದಿಲ್ಲ. ಮೂರು ನಾಲ್ಕು ಹಾಕಿ ಮನೆಗೆ ಬಂದು ಮಲಗಿ, ಬೆಳಿಗ್ಗೆ ಹೋಗಿ ನೋಡಿ. ಕೆಲವು ಮುರಿದಿರುತ್ತವೆ, ಕೆಲವು ಖಾಲಿ ಇರುತ್ತವೆ.

ಹೇಳಿಬಿಡುತ್ತೇನೆ, ಇದು ಪರದೆಯ ಮೇಲಿನ ಮಾತು ಮಾತ್ರ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ ಇರುವ ಊರಿನವರು ನಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಗೆ ಉರುಳು ಹಾಕುವುದು ಅಪರಾಧ. ಹಂದಿಗೆ ಅಂತ ಬೇಲಿಗೆ ಕಟ್ಟಿದ ತಂತಿಗೆ ಚಿರತೆ ಸಿಕ್ಕಿ ಸಾಯುವ ಸುದ್ದಿ ಆಗಾಗ ಓದುತ್ತಲೇ ಇರುತ್ತೀವಿ, ಅಲ್ವಾ?

## ಹಂತ 4: ಬಿಲ್ಲು ಬಾಣ, ಅದೂ ಬೇಗ

ಗುಂಡು ಮುಗಿಯುತ್ತೆ, ಬಾಣ ವಾಪಸ್ ಸಿಗುತ್ತೆ. ಹಾಗಾಗಿ ರೈಫಲ್ ಇದ್ದರೂ ಬಿಲ್ಲಿನ ಕೆಲಸ ಮೊದಲ ವಾರದಲ್ಲೇ ಶುರು ಮಾಡಿ. ಯಾಕೆಂದರೆ ಇದರಲ್ಲಿ ಕಾಯುವ ಕೆಲಸವೇ ಜಾಸ್ತಿ.

ಬಿಲ್ಲಿಗೆ ಒಣಗಿದ ಮೇಪಲ್ ಸಸಿ ಒಂದು, ಒಣಗಿದ ಕರುಳು ಎರಡು. ಬಾಣದ ಕಡ್ಡಿಗೆ ಬರ್ಚ್ ಸಸಿ. ಸಸಿಗಳನ್ನೂ ಕಡಿದು ತಂದು ಮನೆಯೊಳಗೆ ಒಣಗಲು ಬಿಡಬೇಕು. ಇಲ್ಲೇ ಸರತಿ ತಪ್ಪುವುದು: ಮೊದಲು ಕರುಳು ಒಣಗಿಸಿ, ಆಮೇಲೆ "ಈಗ ಸಸಿ ಹುಡುಕೋಣ" ಅಂತ ಹೊರಡುವವರು ಸುಮ್ನೆ ದಿನಗಟ್ಟಲೆ ಕಳೆದುಕೊಳ್ಳುತ್ತಾರೆ. ದಾರಿಯಲ್ಲಿ ಸಸಿ ಕಂಡಾಗಲೇ ಕಡಿದು, ಕರುಳಿನ ಪಕ್ಕದಲ್ಲೇ ಹಾಕಿ. ಎರಡೂ ಜೊತೆಯಲ್ಲೇ ಒಣಗಲಿ.

ಒಂದು ಬಾಣಕ್ಕೆ ಕಾಗೆ ಗರಿ ಮೂರು ಬೇಕು. ಸತ್ತ ಪ್ರಾಣಿ, ಹೆಣ ಬಿದ್ದಿರುವ ಕಡೆ ನೆಲದ ಮೇಲೆ ಸಿಗುತ್ತವೆ, ಕಂಡಷ್ಟೂ ಎತ್ತಿಕೊಳ್ಳಿ, ತೂಕವೇ ಇಲ್ಲ.

ಕಷ್ಟ ಇರುವುದು ಬಾಣದ ಮೊನೆಗೆ. ಅದನ್ನು ಕುಲುಮೆಯಲ್ಲೇ ಬಡಿಯಬೇಕು. ಕುಲುಮೆ ಆಟದ ನಕ್ಷೆಯ ಎಲ್ಲ ಪ್ರದೇಶದಲ್ಲೂ ಇಲ್ಲ. ಡೆಸೊಲೇಶನ್ ಪಾಯಿಂಟ್‌ನಲ್ಲಿ ರಿಕನ್ ಅನ್ನುವ ಹಳೇ ಹಡಗಿನೊಳಗೆ ಒಂದಿದೆ, ಫೋರ್ಲಾರ್ನ್ ಮಸ್ಕೆಗ್‌ನ ಸ್ಪೆನ್ಸ್ ಮನೆತನದ ತೋಟದಲ್ಲಿ ಒಂದಿದೆ, ಬ್ರೋಕನ್ ರೈಲ್‌ರೋಡ್‌ನ ರಿಪೇರಿ ಶೆಡ್‌ನಲ್ಲಿ ಒಂದಿದೆ. ಬೆಂಕಿ 150 ಡಿಗ್ರಿ ಮುಟ್ಟಬೇಕು, ಅದಕ್ಕೆ ಕಲ್ಲಿದ್ದಲು ಬೇಕು. ದೊಡ್ಡ ಸುತ್ತಿಗೆ ಬೇಕು. ಕಬ್ಬಿಣದ ಚೂರು ಬೇಕು. ಅಷ್ಟು ದೂರ ನಡೆದು ಹೋಗಿ, ಸುತ್ತಿಗೆ ಹಿಂದಿನ ಮನೆಯಲ್ಲೇ ಬಿಟ್ಟು ಬಂದೆ ಅಂತ ತಲೆ ಚಚ್ಚಿಕೊಂಡವರಿಗೆ ಲೆಕ್ಕವಿಲ್ಲ. ಹೊರಡುವ ಮುಂಚೆ ಈ ಮೂರನ್ನೂ ಚೀಲದಲ್ಲಿ ಕಣ್ಣಾರೆ ನೋಡಿ. ಹೋದ ಮೇಲೆ ಎರಡು ಬಾಣಕ್ಕೆ ಅಂತ ಬೆಂಕಿ ಹಾಕಬೇಡಿ, ಹತ್ತು ಹದಿನೈದು ಮೊನೆ ಒಟ್ಟಿಗೆ ಮಾಡಿಕೊಂಡು ಬನ್ನಿ.

## ಹಂತ 5: ಮೊದಲು ಜಾಗ ಆರಿಸಿ, ಆಮೇಲೆ ಪ್ರಾಣಿ

ಜಿಂಕೆ ಕಂಡ ಕೂಡಲೇ ಹಿಂದೆ ಬೀಳಬೇಡಿ. ನಿಂತು ನಾಲ್ಕು ವಿಷಯ ನೋಡಿ.

ಗಾಳಿ ಎಷ್ಟಿದೆ? ಜೋರಾಗಿದ್ದರೆ ಕೊಯ್ಯುವ ಜಾಗದಲ್ಲಿ ಬೆಂಕಿ ನಿಲ್ಲುವುದಿಲ್ಲ. ಮರೆಗೆ ಬಂಡೆಯೋ, ಬಿದ್ದ ಮರವೋ ಹತ್ತಿರ ಇದೆಯಾ ನೋಡಿ.

ಹತ್ತಿರದ ಬಾಗಿಲು ಯಾವುದು? ಮನೆ, ಗುಹೆ, ಕೆಟ್ಟು ನಿಂತ ಕಾರು, ಯಾವುದಾದರೂ ಸರಿ. ಕಾರಿನೊಳಗೆ ಕೂತರೆ ಗಾಳಿಯೂ ಬೀಸುವುದಿಲ್ಲ, ಪ್ರಾಣಿಯೂ ಮುಟ್ಟುವುದಿಲ್ಲ. ಹೊಸಬರಿಗೆ ಕೋಸ್ಟಲ್ ಹೈವೇ ಒಳ್ಳೆಯ ಬೇಟೆ ಜಾಗ ಅನ್ನುವುದು ಇದಕ್ಕೇ, ರಸ್ತೆ ಉದ್ದಕ್ಕೂ ಕಾರುಗಳಿವೆ. ಆದರೆ ತೋಳಗಳೂ ಇವೆ.

ತೋಳ ಎಲ್ಲಿದೆ? ಕಾಣುತ್ತಿಲ್ಲ ಅಂದರೆ ಇಲ್ಲ ಅಂತ ಅಲ್ಲ. ಊಳಿಡುವುದು, ಬೊಗಳುವುದು ಕೇಳಿಸುತ್ತಾ ಅಂತ ಒಂದು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ. ಹೆಡ್‌ಫೋನ್ ಇಲ್ಲದೆ ಈ ಆಟದಲ್ಲಿ ಬೇಟೆ ಆಡಬೇಡಿ, ಹಾಲ್‌ನಲ್ಲಿ ಟಿವಿ ಸೀರಿಯಲ್ ಓಡುತ್ತಿರುವಾಗಲಂತೂ ಬೇಡವೇ ಬೇಡ.

ಮೋಡ ಹೇಗಿದೆ? ದೂರದ ಬೆಟ್ಟ ಮಸುಕಾಗುತ್ತಾ ಬಂದು, ಗಾಳಿ ಏಳುತ್ತಿದ್ದರೆ ಹಿಮಗಾಳಿ ಬರುವ ಸೂಚನೆ. ಜಿಂಕೆ ಎದುರಿಗೇ ಇದ್ದರೂ ಬಿಟ್ಟು ಮನೆ ಸೇರಿ. ನಾಳೆ ಇನ್ನೊಂದು ಸಿಗುತ್ತೆ.

## ಹಂತ 6: ಜಿಂಕೆಯ ಹತ್ತಿರ ಹೋಗುವುದು, ಹೊಡೆಯುವುದು

ನಡೆದುಕೊಂಡು ಹೋದರೆ ಜಿಂಕೆ ದೂರದಿಂದಲೇ ಓಡುತ್ತೆ. ಬಗ್ಗಿ ಹೋಗಬೇಕು, ಮರದ ಮರೆಯಲ್ಲಿ ಹೋಗಬೇಕು, ಅದು ತಲೆ ತಗ್ಗಿಸಿ ಮೇಯುವಾಗ ಮಾತ್ರ ಮುಂದೆ ಸರಿಯಬೇಕು. ತಲೆ ಎತ್ತಿ ನಿಮ್ಮ ಕಡೆ ನೋಡುತ್ತಾ ನಿಂತರೆ ಅದು ಕೊನೆಯ ಎಚ್ಚರಿಕೆ. ಇನ್ನೊಂದು ಹೆಜ್ಜೆ ಇಟ್ಟರೆ ಹಾರಿಹೋಗುತ್ತೆ. ಹೊಡೆಯುವಷ್ಟು ಹತ್ತಿರ ಇದ್ದರೆ ಆಗಲೇ ಹೊಡೆಯಿರಿ, ಇಲ್ಲದಿದ್ದರೆ ಅಲ್ಲಾಡದೆ ಕಾಯಿರಿ.

ಇಲ್ಲಿ ಬಿಲ್ಲಿಗೂ ರೈಫಲ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಹೊಸಬರಿಗೆ ಯಾರೂ ಹೇಳುವುದಿಲ್ಲ. ರೈಫಲ್ ಅನ್ನು ಬಗ್ಗಿಕೊಂಡೇ ಹೊಡೆಯಬಹುದು. ಬಿಲ್ಲನ್ನು ಹಾಗೆ ಹೊಡೆಯಲು ಬಳಸಿದಷ್ಟೂ ಏರುವ ಬಿಲ್ಲುಗಾರಿಕೆಯ ಕೌಶಲ 5ನೇ ಮಟ್ಟಕ್ಕೆ ಬರಬೇಕು. ಅಲ್ಲಿಯವರೆಗೆ ಎದ್ದು ನಿಂತೇ ಹೆದೆ ಎಳೆಯಬೇಕು. ಬಗ್ಗಿ ಬಗ್ಗಿ ಹತ್ತಿರ ಬಂದು, ಎದ್ದು ನಿಂತು, ಆಮೇಲೆ ನಿಧಾನಕ್ಕೆ ಗುರಿ ಹುಡುಕುತ್ತಾ ಕೂತರೆ ಜಿಂಕೆ ಇರುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಬಗ್ಗಿರುವಾಗಲೇ ಪರದೆಯ ನಡುಭಾಗ ಜಿಂಕೆಯ ಭುಜದ ನೇರಕ್ಕೆ ಇರಲಿ. ಬಿಲ್ಲು ಮೊದಲೇ ಕೈಯಲ್ಲಿರಲಿ. ಅದು ತಲೆ ತಗ್ಗಿಸಿದ ಕೂಡಲೇ ಏಳಿ, ಎಳೆಯಿರಿ, ಬಿಡಿ. ಮೂರೂ ಒಂದೇ ಉಸಿರಿನಲ್ಲಿ ಆಗಬೇಕು. ಹೆದೆ ಎಳೆದು ಹಿಡಿದುಕೊಂಡೇ ಇದ್ದರೆ ಕೈ ಸೋತು ಗುರಿ ಅಲ್ಲಾಡಲು ಶುರುವಾಗುತ್ತೆ. ಮೊದಮೊದಲು ತಲೆಗೆ ಗುರಿ ಇಡುವ ಶೋಕಿ ಬೇಡ. ತಲೆಗೆ ಬಿದ್ದರೆ ಅಲ್ಲೇ ಬೀಳುತ್ತೆ ನಿಜ, ತಪ್ಪಿದರೆ ಬಾಣ ಹಿಮದಲ್ಲಿ ಎಲ್ಲೋ ಹೋಗಿ ಅದನ್ನು ಹುಡುಕುವುದೇ ಒಂದು ಕೆಲಸ. ಮೈಗೆ ಹೊಡೆಯಿರಿ, ರಕ್ತ ಹೋಗಲಿ.

ಇನ್ನು ಮಣಿಕಟ್ಟು. ಭಾರ ಹೊತ್ತು ಕಡಿದಾದ ಇಳಿಜಾರಿನಲ್ಲಿ ಓಡಿದರೆ ಕೈ ಉಳುಕುತ್ತೆ, ಉಳುಕಿದ ಕೈಯಲ್ಲಿ ರೈಫಲ್ಲೂ ಇಲ್ಲ, ಬಿಲ್ಲೂ ಇಲ್ಲ. ಜಿಂಕೆಯ ಹಿಂದೆ ಗುಡ್ಡದಿಂದ ಇಳಿದು ಓಡುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಆಯುಧವೇ ಇಲ್ಲದವರಿಗೂ ಒಂದು ದಾರಿ ಇದೆ. ಜಿಂಕೆ ನಿಮಗೂ ತೋಳಕ್ಕೂ ನಡುವೆ ಇರುವ ಹಾಗೆ ಸುತ್ತು ಹಾಕಿ ಬಂದು, ಎದ್ದು ನಿಂತು ಹೆದರಿಸಿ. ಅದು ತೋಳದ ಕಡೆ ಓಡುತ್ತೆ, ತೋಳ ಅದನ್ನು ಬೀಳಿಸುತ್ತೆ. ಆಮೇಲೆ ಪಂಜು ಹಚ್ಚಿಕೊಂಡು ಹೋಗಿ ತೋಳವನ್ನು ಓಡಿಸಿದರೆ ಜಿಂಕೆ ನಿಮ್ಮದು. ಬಾಣವಿಲ್ಲ, ಗುಂಡಿಲ್ಲ, ಬಿಟ್ಟಿ ಮಾಂಸ. ನನಗಂತೂ ಈ ಆಟದಲ್ಲಿ ಇದಕ್ಕಿಂತ ಇಷ್ಟವಾದ ಉಪಾಯ ಇನ್ನೊಂದಿಲ್ಲ.

## ಹಂತ 7: ಪೆಟ್ಟು ತಿಂದು ಓಡಿದರೆ ಜಾಡು ಹಿಡಿಯುವುದು

ಓಡಿದ ಪ್ರಾಣಿಯ ಹಿಂದೆ ನೀವೂ ಓಡಬೇಡಿ. ಹಿಂದೆ ಬಿದ್ದಷ್ಟೂ ಅದು ದೂರ ಹೋಗುತ್ತೆ, ನೀವು ದಣಿಯುತ್ತೀರಿ. ನಿಂತು, ಯಾವ ಕಡೆ ಹೋಯಿತು ನೋಡಿಕೊಂಡು, ಹಿಮದ ಮೇಲಿನ ರಕ್ತದ ಗುರುತು ಹಿಡಿದು ನಿಧಾನಕ್ಕೆ ಹೋಗಿ. ಗುರುತು ಕಳೆದುಹೋದರೆ ತಲೆ ಎತ್ತಿ ನೋಡಿ. ಕಾಗೆಗಳು ಒಂದೇ ಕಡೆ ಸುತ್ತುತ್ತಿದ್ದರೆ ಕೆಳಗೆ ಹೆಣ ಇದೆ ಅಂತ ಅರ್ಥ. ಅದು ನಿಮ್ಮ ಜಿಂಕೆಯದೇ ಆಗಿರಬೇಕು ಅಂತೇನಿಲ್ಲ.

ಹಿಮ ಬೀಳುತ್ತಿದ್ದರೆ ತಡ ಮಾಡಬೇಡಿ. ಕತ್ತಲಾಗುತ್ತಿದ್ದರೆ ಹುಡುಕಬೇಡಿ.

## ಹಂತ 8: ಕೊಯ್ಯುವುದು (ಹೆಚ್ಚಿನವರು ಸಾಯುವುದು ಇಲ್ಲೇ)

ಜಿಂಕೆ ಸಿಕ್ಕಿತು. ಹೆಣದ ಮೇಲೆ ಕ್ಲಿಕ್ ಮಾಡುವ ಮುಂಚೆ ಬೆಂಕಿ. ಮೊದಲು ಬೆಂಕಿ, ಆಮೇಲೆ ಚಾಕು.

ಯಾಕೆ ಅಂದರೆ ಮೂರು ಕಾರಣ. ಒಂದು, ಕೊಯ್ಯುವಾಗ ಆಟದ ಗಡಿಯಾರ ಓಡುತ್ತೆ, ನಿಮ್ಮ ಮೈ ತಣ್ಣಗಾಗುತ್ತಲೇ ಇರುತ್ತೆ. ನಿಮಗೆ ಕಾಣುವುದು ಕೆಲವು ಸೆಕೆಂಡಿನ ಪಟ್ಟಿ, ಆಟದೊಳಗೆ ಕಳೆಯುವುದು ಒಂದು ಗಂಟೆಗೂ ಮೇಲೆ. ಎರಡು, ಹೆಣ ಹೆಪ್ಪುಗಟ್ಟುತ್ತಾ ಹೋಗುತ್ತೆ. ಹೆಪ್ಪುಗಟ್ಟಿದ ಹೆಣವನ್ನು ಬರಿಗೈಲಿ ಕೊಯ್ಯಲು ಆಗುವುದಿಲ್ಲ, ಕೈಕೊಡಲಿಯೋ ಹ್ಯಾಕ್ಸಾ ಗರಗಸವೋ ಬೇಕು, ಸಮಯವೂ ಜಾಸ್ತಿ. ಪಕ್ಕದಲ್ಲೇ ಬೆಂಕಿ ಇದ್ದರೆ ಹೆಣ ಮೆತ್ತಗಿರುತ್ತೆ. ಮೂರು, ಬೆಂಕಿ ಇರುವ ಕಡೆ ತೋಳ ಬರಲು ಹಿಂಜರಿಯುತ್ತೆ.

ಬೆಂಕಿಯನ್ನು ಗಾಳಿಯ ಮರೆಯಲ್ಲಿ, ಹೆಣಕ್ಕೆ ಆದಷ್ಟು ಹತ್ತಿರ ಹಾಕಿ. ಗಾಳಿ ದಿಕ್ಕು ಬದಲಿಸಿದರೆ ಆರಿಹೋಗಬಹುದು, ಹಾಗಾಗಿ ಪೂರ್ತಿ ಮಾಂಸ ಒಂದೇ ಸಲಕ್ಕೆ ಕೊಯ್ಯಲು ಹೋಗಬೇಡಿ. ಇದು ದೊಡ್ಡ ತಪ್ಪು. ಎರಡು ಕೆಜಿ ಕೊಯ್ದು ನಿಲ್ಲಿಸಿ, ಸುತ್ತ ನೋಡಿ, ಬೆಂಕಿಗೆ ಕಟ್ಟಿಗೆ ಹಾಕಿ, ಮತ್ತೆ ಎರಡು ಕೆಜಿ. ಹಾಗೆ ಮಾಡಿದರೆ ಬೆಂಕಿ ಆರಿದ್ದು, ಗಾಳಿ ಎದ್ದಿದ್ದು, ಮೈ ತಣ್ಣಗಾಗಿದ್ದು ಗೊತ್ತಾಗುತ್ತೆ. ಒಂದೇ ಸಲಕ್ಕೆ ಹತ್ತು ಕೆಜಿಗೆ ಪಟ್ಟಿ ಎಳೆದು ಕೂತವರು ಕಣ್ಣು ಬಿಡುವ ಹೊತ್ತಿಗೆ ಮೈ ಸೆಟೆದು ಹೋಗಿರುತ್ತೆ.

ಮೊದಲು ಏನು ತೆಗೆಯಬೇಕು? ಹಸಿದಿದ್ದರೆ ಮಾಂಸ. ಬಿಲ್ಲು, ಬಟ್ಟೆ ಬೇಕಿದ್ದರೆ ಕರುಳು, ಚರ್ಮ. ಜಿಂಕೆಯಲ್ಲಿ ಕರುಳು ಎರಡು, ಚರ್ಮ ಒಂದು. ಆಟ ಹೆಣವನ್ನು ತುಂಡು ತುಂಡು ಮಾಡಿ ಮೂಟೆ ಕಟ್ಟುವ ಆಯ್ಕೆಯನ್ನೂ ಕೊಡುತ್ತೆ. ಚಳಿ ಜಾಸ್ತಿ ಇದ್ದು, ಗುಹೆಯೋ ಮನೆಯೋ ಹತ್ತಿರ ಇದ್ದರೆ ಅದು ಒಳ್ಳೆಯದು. ಮನೆ ದೂರ ಇದ್ದರೆ ಬೇಡ, ಆ ಮೂಟೆಗಳ ವಾಸನೆಗೆ ಊರ ತೋಳವೆಲ್ಲ ಹಿಂದೆ ಬರುತ್ತೆ.

ಬೆಂಕಿ ಇರುವಾಗಲೇ ಮಾಂಸ ಬೇಯಿಸಿಬಿಡಿ. ಒಂದು ಕೆಜಿ ಜಿಂಕೆ ಮಾಂಸ ಸುಮಾರು 800 ಕ್ಯಾಲೊರಿ. ಹೊರಡುವ ಮುಂಚೆ ಬೆಂಕಿಯಿಂದಲೇ ಒಂದು ಪಂಜು ಎಳೆದುಕೊಳ್ಳಿ. ಕಡ್ಡಿ ಖರ್ಚಿಲ್ಲದೆ ದಾರಿಗೆ ಬೆಳಕೂ ಆಯಿತು, ತೋಳಕ್ಕೆ ಮದ್ದೂ ಆಯಿತು.

ತಕ್ಷಣ ಬಿಟ್ಟು ಹೊರಡಬೇಕಾದ ಸೂಚನೆಗಳು ಹೀಗಿವೆ. ಮೈ ಬಿಸಿಯ ಗುರುತು ಅರ್ಧಕ್ಕಿಂತ ಕೆಳಗಿಳಿದಿದ್ದು ಬೆಂಕಿ ಹತ್ತದೇ ಇದ್ದರೆ. ಹತ್ತಿರದಲ್ಲಿ ಬೊಗಳುವ ಸದ್ದು ಎರಡನೇ ಸಲ ಕೇಳಿದರೆ. ನೆರಳು ಉದ್ದವಾಗಿ, ಮನೆ ಇನ್ನೂ ದೂರ ಇದ್ದರೆ. ಉಳಿದ ಮಾಂಸ ಅಲ್ಲೇ ಇರಲಿ, ಚಳಿಯಲ್ಲಿ ಅದು ಬೇಗ ಕೆಡುವುದಿಲ್ಲ, ಬೆಳಿಗ್ಗೆ ಬಂದು ತೆಗೆದುಕೊಳ್ಳಬಹುದು.

## ಹಂತ 9: ತೋಳ

ತೋಳ ಬೇಟೆ ಅಂದರೆ ಹುಡುಕಿಕೊಂಡು ಹೋಗುವುದಲ್ಲ, ಬರಮಾಡಿಕೊಳ್ಳುವುದು. ಹಸಿ ಮಾಂಸದ ಒಂದು ತುಂಡು ಕೆಳಗೆ ಹಾಕಿ, ಹಿಂದೆ ಹಿಂದೆ ಸರಿದು ದೂರ ನಿಲ್ಲಿ. ತೋಳ ತಿನ್ನಲು ತಲೆ ತಗ್ಗಿಸಿದಾಗ ಹೊಡೆಯಿರಿ. ಬೇಟೆ ಬೇಡ, ಜೀವ ಉಳಿದರೆ ಸಾಕು ಅನ್ನುವಾಗಲೂ ಇದೇ ಉಪಾಯ, ಮಾಂಸ ಹಾಕಿ ಜಾಗ ಖಾಲಿ ಮಾಡಿ.

ಬೆನ್ನು ತಿರುಗಿಸಿ ಓಡಿದರೆ ಕೆಟ್ಟಿರಿ. ಮಂಡ್ಯ ಕಡೆ ರಾತ್ರಿ ಕಬ್ಬಿನ ಗದ್ದೆಗೆ ನೀರು ಬಿಡಲು ಹೋಗುವವರು ಬ್ಯಾಟರಿ ಬಿಟ್ಟುಕೊಂಡು, ಜೋರಾಗಿ ಕೆಮ್ಮುತ್ತಾ, ನಿಧಾನಕ್ಕೆ ಹೋಗುತ್ತಾರಲ್ಲ, ಹಾಗೆ ಹೋಗಬೇಕು. ಕೈಯಲ್ಲಿ ಉರಿಯುವ ಪಂಜು, ಮುಖ ತೋಳದ ಕಡೆ, ಹೆಜ್ಜೆ ಮನೆ ಕಡೆ.

ನುಗ್ಗಿಯೇ ಬಿಟ್ಟರೆ ಹೆದರಿ ಬೇಗ ಹೊಡೆಯಬೇಡಿ. ಅದು ನೇರ ನಿಮ್ಮ ಕಡೆ ಬರುವಾಗ ಗುರಿ ಅಡ್ಡಡ್ಡ ಹೋಗುವುದಿಲ್ಲ, ದೊಡ್ಡದಾಗುತ್ತಾ ಬರುತ್ತೆ ಅಷ್ಟೇ. ಹತ್ತಿರ ಬರಲಿ, ಆಗ ಬಿಡಿ. ತಪ್ಪಿ ಮೈಮೇಲೆ ಬಿದ್ದರೆ ಚಾಕು ಅಥವಾ ಕೈಕೊಡಲಿ ಆರಿಸಿ ಬಟನ್ ಒತ್ತುತ್ತಲೇ ಇರಿ. ಬಿಡಿಸಿಕೊಂಡ ಮೇಲೆ ಮೊದಲು ಬ್ಯಾಂಡೇಜ್, ರಕ್ತ ನಿಲ್ಲಲಿ, ಆಮೇಲೆ ಗಾಯಕ್ಕೆ ಔಷಧಿ. ಔಷಧಿ ಇಲ್ಲದಿದ್ದರೆ ಮರಕ್ಕೆ ಜೋತುಬಿದ್ದಿರುವ ಗಡ್ಡದಂಥ ಕಲ್ಲುಹೂವಿನಿಂದ ಪಟ್ಟಿ ಮಾಡಿಕೊಳ್ಳಬಹುದು. "ಆಮೇಲೆ ನೋಡೋಣ" ಅಂತ ಬಿಟ್ಟ ಗಾಯ ಕೀವಾಗುತ್ತೆ.

ಬ್ಲೀಕ್ ಇನ್‌ಲೆಟ್‌ನಲ್ಲಿ ತೋಳಗಳು ಗುಂಪಾಗಿ ಬರುತ್ತವೆ. ಅಲ್ಲಿ ಒಂದನ್ನು ಕೊಂದರೆ ಸಾಲದು, ಇಡೀ ಗುಂಪಿನ ಧೈರ್ಯ ಕುಂದಿಸಬೇಕು. ಗುಂಡಿನ ಸದ್ದು, ಬೆಂಕಿ, ಎರಡೂ ಕೆಲಸ ಮಾಡುತ್ತವೆ. ಹೊಸಬರು ಆ ಕಡೆ ತಲೆ ಹಾಕಲೇಬೇಡಿ.

## ಹಂತ 10: ಕರಡಿ ಮತ್ತು ಮೂಸ್

ಕರಡಿಯಲ್ಲಿ 25ರಿಂದ 40 ಕೆಜಿ ಮಾಂಸ. ಒಂದು ಬಿದ್ದರೆ ವಾರಗಟ್ಟಲೆ ನಿಶ್ಚಿಂತೆ. ಆದರೆ ನಿಯಮ ಒಂದೇ: ಬೆನ್ನ ಹಿಂದೆ ಬಾಗಿಲಿಲ್ಲದೆ ಕರಡಿಗೆ ಹೊಡೆಯಬೇಡಿ.

ಮನೆಯ ಬಾಗಿಲ ಮುಂದೆಯೋ, ಕಾರಿನ ಪಕ್ಕವೋ ನಿಂತು, ಕರಡಿ ಓಡಾಡುವ ದಾರಿ ಎರಡು ದಿನ ನೋಡಿ. ದೂರದಲ್ಲಿರುವಾಗಲೇ ಒಂದು ಹೊಡೆಯಿರಿ, ಬಿದ್ದಿತೋ ಇಲ್ಲವೋ ನೋಡುತ್ತಾ ನಿಲ್ಲದೆ ಒಳಗೆ ಹೋಗಿ. ಎರಡನೇ ಗುಂಡು ಹಾರಿಸುವ ಆಸೆಗೆ ನಿಂತವರೇ ಸಿಗಿಸಿಕೊಳ್ಳುವುದು. ಪೆಟ್ಟು ತಿಂದ ಕರಡಿ ರಕ್ತ ಸೋರಿ ಸಾಯಲು ಗಂಟೆಗಟ್ಟಲೆ ಹಿಡಿಯಬಹುದು. ಒಳಗೆ ಕೂತು ಬಟ್ಟೆ ಹೊಲಿಯಿರಿ, ನೀರು ಕಾಯಿಸಿ, ಆಮೇಲೆ ಹೊರಗೆ ಬಂದು ರಕ್ತದ ಜಾಡು, ಕಾಗೆ ನೋಡಿ. ಕರಡಿ ಹಿಡಿದರೆ ಬಟ್ಟೆಯೆಲ್ಲ ಚಿಂದಿ. ಆ ಚಳಿಯಲ್ಲಿ ಹರಿದ ಬಟ್ಟೆ ಗಾಯಕ್ಕಿಂತ ಬೇಗ ಕೊಲ್ಲುತ್ತೆ. ಪಂಜು ತೋರಿಸಿ ಕರಡಿ ಓಡಿಸುತ್ತೇನೆ ಅನ್ನುವ ನಂಬಿಕೆ ಬೇಡ.

ಮೂಸ್ ನಮ್ಮ ಕಡವೆಯ ಜಾತಿಯದೇ, ಗಾತ್ರದಲ್ಲಿ ಬಹಳ ದೊಡ್ಡದು. ಮರದ ತೊಗಟೆ ಕೊಂಬಿನಿಂದ ಉಜ್ಜಿ ಕಿತ್ತಿರುವುದು ಕಂಡರೆ ಅದು ಆ ಸುತ್ತಮುತ್ತ ಬರುತ್ತೆ. ಬೇಟೆಯಾಡುವ ಪ್ರಾಣಿಯಲ್ಲ ಅಂತ ಸಲಿಗೆ ಬೇಡ. ಹತ್ತಿರ ಹೋದರೆ ತುಳಿದು ಪಕ್ಕೆಲುಬು ಮುರಿಯುತ್ತೆ, ಆಮೇಲೆ ನೋವಿನ ಮಾತ್ರೆ, ಬ್ಯಾಂಡೇಜ್, ದಿನಗಟ್ಟಲೆ ವಿಶ್ರಾಂತಿ. ಅದು ಹತ್ತಲಾಗದ ಬಂಡೆಯ ಮೇಲಿಂದ ಹೊಡೆಯಿರಿ. ಚರ್ಮ ಬಿಡಬೇಡಿ, ಅದರಿಂದ ಮಾಡುವ ಚೀಲ ಹಾಕಿಕೊಂಡರೆ 5 ಕೆಜಿ ಜಾಸ್ತಿ ಹೊರಬಹುದು.

## ಹಂತ 11: ಮನೆ ಸೇರಿದ ಮೇಲೆ

ಹಸಿ ಮಾಂಸ ಮನೆಯೊಳಗೆ ಇಡಬೇಡಿ, ಬಾಗಿಲ ಹೊರಗೆ ಚಳಿಯಲ್ಲಿ ಇಡಿ, ಬಹಳ ದಿನ ಬರುತ್ತೆ. ಚರ್ಮ, ಕರುಳು ಮಾತ್ರ ಒಳಗೆ. ಜಿಂಕೆ ಚರ್ಮ ಒಣಗಲು 5 ದಿನ, ತೋಳದ್ದು 7, ಮೂಸ್‌ದು 10, ಕರಡಿಯದು 12. ಹಾಗಾಗಿ ನೆಲೆ ನಿಲ್ಲುವ ಮನೆಯಲ್ಲೇ ಹರವಿ, ದಾರಿಯಲ್ಲಿ ಸಿಕ್ಕ ಗುಡಿಸಲಿನಲ್ಲಿ ಅಲ್ಲ.

ತೋಳ, ಕರಡಿ ಮಾಂಸ ಎಷ್ಟು ಚೆನ್ನಾಗಿ ಬೇಯಿಸಿದರೂ ಹೊಟ್ಟೆಹುಳು ಆಗುವ ಸಂಭವ ಇದೆ, ಅಡುಗೆ ಕೌಶಲ 5ನೇ ಮಟ್ಟ ಮುಟ್ಟುವವರೆಗೆ. ಅದಕ್ಕೇ ಮೊಲ, ಜಿಂಕೆ ಮಾಂಸ ಚಿಕ್ಕ ಚಿಕ್ಕ ತುಂಡು ಮಾಡಿ ಬೇಯಿಸಿ. ತುಂಡು ಜಾಸ್ತಿ ಆದಷ್ಟೂ ಅಡುಗೆ ಬೇಗ ಕಲಿಯುತ್ತೀರಿ. ಒಲೆ ಮೇಲಿಟ್ಟು ಬೇರೆ ಕೆಲಸಕ್ಕೆ ಹೋದರೆ ಸೀದುಹೋಗುತ್ತೆ, ಅದೂ ನೆನಪಿರಲಿ.

ಕೊನೆಗೆ ಆಯುಧ. ಚಾಕು, ಕೈಕೊಡಲಿಯನ್ನು ಸಾಣೆಕಲ್ಲಿಗೆ ಹಿಡಿಯಿರಿ. ರೈಫಲ್ ಸ್ಥಿತಿ ಕೆಟ್ಟಷ್ಟೂ ಜಾಮ್ ಆಗುತ್ತೆ, ಅದೂ ತೋಳ ನುಗ್ಗುವಾಗಲೇ ಆಗುತ್ತೆ. ಕ್ಲೀನಿಂಗ್ ಕಿಟ್ ಸಿಕ್ಕಿದರೆ ಕೂಡಿಡಬೇಡಿ, ಬಳಸಿ. ಬಾಣಗಳನ್ನು ಎಣಿಸಿ. ಐದಕ್ಕಿಂತ ಕಡಿಮೆ ಇದ್ದರೆ ಮುಂದಿನ ಸಲ ಹೊರಡುವುದು ಜಿಂಕೆಗಲ್ಲ, ಕುಲುಮೆಗೆ.